ಪಾಚಿ ನುಂಗಿದ ಲೋಹ ಎಲ್ಲಿಗೆ ಹೋಗುತ್ತದೆ?

ಮುಂಗಾರು ಬಿರುಸಾದಾಗ ಶಿವಮೊಗ್ಗದಲ್ಲಿ ಬಾಯಿಂದ ಬಾಯಿಗೆ ಹರಿದಾಡುವ ಪ್ರಶ್ನೆ ಒಂದೇ: ‘ಮಂಟಪ ಮುಳುಗಿತಾ?’ ಕೋರ್ಪಲಯ್ಯನ ಛತ್ರದ ಬಳಿ ತುಂಗೆಯೊಳಗೆ ನಿಂತಿರುವ ಕಲ್ಲಿನ ಮಂಟಪ ಪೂರ್ತಿ ಮರೆಯಾದರೆ ಹೊಳೆ ತುಂಬಿತೆಂದು ಊರು ನಂಬುತ್ತದೆ. ಗಾಜನೂರಿನ ಅಣೆಕಟ್ಟೆಯಿಂದ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆಂಬ ಲೆಕ್ಕ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಸೇತುವೆಯ ಮೇಲೆ ಜನ ಸೇರಿರುತ್ತಾರೆ. ಹೊಳೆಯಲ್ಲಿ ನೀರು ಎಷ್ಟಿದೆ ಎಂದು ಹೇಳಲು ಈ ನಗರಕ್ಕೆ ಎಲ್ಲರೂ ಒಪ್ಪಿದ ಗುರುತೊಂದಿದೆ. ಆ ನೀರಿನಲ್ಲಿ ಏನೇನು ಬೆರೆತಿದೆ ಎಂದು ಹೇಳುವ ಗುರುತು ಯಾವುದು?

ಅದೂ ಹೊಳೆಯಲ್ಲೇ ಇದೆ. ಬೇಸಿಗೆ ಹತ್ತಿರವಾಗಿ ಹರಿವು ಸೊರಗಿ ಬಂಡೆಗಳು ತಲೆಯೆತ್ತಿದಾಗ ಅವುಗಳ ಮೈಗಂಟಿ ಎಳೆಎಳೆಯಾಗಿ ತೂಗುವ ಹಸಿರು ಹಾವಸೆಯೇ ಆ ಗುರುತು. ಬಟ್ಟೆ ಒಗೆಯಲು ಇಳಿದವರು ಕಾಲು ಜಾರೀತೆಂದು ಅದನ್ನು ಬೈಯುತ್ತಾರೆ. ಆದರೆ ನೀರು ವಾರಗಟ್ಟಲೆ ಹೊತ್ತು ತಂದ ಸೀಸ, ಸತು, ತಾಮ್ರ, ಕ್ಯಾಡ್ಮಿಯಂಗಳ ಲೆಕ್ಕ ಅದರ ಮೈಯಲ್ಲಿ ಉಳಿದಿರುತ್ತದೆ. ಭದ್ರೆಯ ದಂಡೆಯ ಭದ್ರಾವತಿಯಿಂದ, ತುಂಗೆ–ಭದ್ರೆ ಕೂಡುವ ಕೂಡ್ಲಿಯವರೆಗೆ ಹೊಳೆಯ ಆರೋಗ್ಯ ಅಳೆಯಬೇಕಾದವರು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋದರೆ ಸಾಲದು. ಪಾಚಿಯನ್ನೂ ತಳದ ಕೆಸರನ್ನೂ ಕೊಂಡೊಯ್ದು ಪರೀಕ್ಷಿಸಬೇಕು. ಅದರ ಜೊತೆಗೆ, ಪಾಚಿ ಬೆಳೆಸಿದರೆ ಹೊಳೆ ತಾನಾಗಿ ಶುದ್ಧವಾಗುತ್ತದೆ ಎಂಬ ಆಸೆಯನ್ನು ಕೈಬಿಡಬೇಕು. ಏಕೆಂದರೆ ಪಾಚಿ ಲೋಹವನ್ನು ಹಿಡಿಯುವಷ್ಟೇ ಸಹಜವಾಗಿ ಹೊರಕ್ಕೂ ಹಾಕುತ್ತದೆ.

ಈ ನಂಟನ್ನು ವಿಜ್ಞಾನ ಹೆಚ್ಚಾಗಿ ಕಲಿತದ್ದು ಕಡಲಿನಿಂದ. ಕಾರವಾರ, ಗೋಕರ್ಣದ ಕಡೆಯ ಬಂಡೆಗಳ ಮೇಲೂ ಬೆಳೆಯುವ ಸರ್ಗಾಸಮ್‌ನಂಥ ಕಂದು ಕಡಲಪಾಚಿಗಳ ಜೀವಕೋಶದ ಗೋಡೆಯಲ್ಲಿ ಆಲ್ಜಿನೇಟ್ ಎಂಬ ಲೋಳೆಯಂಥ ಪದಾರ್ಥವಿದೆ. ಐಸ್‌ಕ್ರೀಮನ್ನು ನುಣುಪಾಗಿಸಲು ಆಹಾರ ಕೈಗಾರಿಕೆ ಬಳಸುವುದು ಇದನ್ನೇ. ಪಾಚಿಯ ಒಣ ತೂಕದಲ್ಲಿ ಇದರ ಪಾಲು ಶೇ 10ರಿಂದ 40ರವರೆಗೂ ಇರುತ್ತದೆ. ಆಲ್ಜಿನೇಟಿನ ಸರಪಳಿಯುದ್ದಕ್ಕೂ ಋಣ ವಿದ್ಯುದಂಶದ ತಾಣಗಳಿದ್ದು, ಸಾಮಾನ್ಯವಾಗಿ ಅಲ್ಲಿ ಕ್ಯಾಲ್ಸಿಯಂ ಕೂತಿರುತ್ತದೆ. ನೀರಿನಲ್ಲಿ ಸೀಸವೋ ಕ್ಯಾಡ್ಮಿಯಮೋ ಬಂದರೆ ಕ್ಯಾಲ್ಸಿಯಂ ಜಾಗ ಬಿಡುತ್ತದೆ, ಲೋಹ ಅಲ್ಲಿ ಕೂರುತ್ತದೆ. ಕೆಲವೇ ನಿಮಿಷಗಳಲ್ಲಿ ಈ ಬದಲಾವಣೆ ಶುರುವಾಗುತ್ತದೆ. ಇದಕ್ಕೆ ಪಾಚಿ ಬದುಕಿರಲೇಬೇಕೆಂದಿಲ್ಲ. ಒಣಗಿಸಿ ಪುಡಿ ಮಾಡಿದ ಪಾಚಿಯೂ ಲೋಹವನ್ನು ಹಿಡಿಯುತ್ತದೆ.

ಬದುಕಿರುವ ಪಾಚಿಯಲ್ಲಿ ಎರಡನೆಯ ಹಂತವೂ ಇದೆ. ಕಬ್ಬಿಣ, ಸತು, ಮ್ಯಾಂಗನೀಸ್ ಇಲ್ಲದೆ ಪಾಚಿ ಬದುಕದು. ಹಾಗಾಗಿ ಅವನ್ನು ಒಳಗೆ ಸೆಳೆದುಕೊಳ್ಳುವ ಪ್ರೋಟೀನುಗಳು ಕೋಶದ ಪೊರೆಯಲ್ಲಿವೆ. ರಾಸಾಯನಿಕವಾಗಿ ಸತುವನ್ನೇ ಹೋಲುವ ಕ್ಯಾಡ್ಮಿಯಂ ಅದೇ ದಾರಿಯಲ್ಲಿ ಒಳಗೆ ನುಸುಳುತ್ತದೆ. ಫಾಸ್ಫೇಟನ್ನು ಹೋಲುವ ಆರ್ಸೆನೇಟ್ ಫಾಸ್ಫೇಟಿನ ದಾರಿ ಹಿಡಿಯುತ್ತದೆ. ಹೀಗೆ ದಿನವೂ ಇಷ್ಟಿಷ್ಟೇ ಸೇರಿ, ಪಾಚಿಯ ಮೈಯಲ್ಲಿನ ಲೋಹದ ಪ್ರಮಾಣ ಸುತ್ತಲ ನೀರಿಗಿಂತ ಸಾವಿರಾರು ಪಟ್ಟು ಹೆಚ್ಚಾಗುತ್ತದೆ.

ಒಳಗೆ ಬಂದ ವಿಷವನ್ನು ಪಾಚಿ ಸುಮ್ಮನೆ ಸಹಿಸುವುದಿಲ್ಲ. 1985ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಎರ್ವಿನ್ ಗ್ರಿಲ್ ಮತ್ತು ಸಂಗಡಿಗರು ಸಸ್ಯಗಳಲ್ಲಿ ಫೈಟೊಕಿಲೇಟಿನ್ ಎಂಬ ಪುಟ್ಟ ಪೆಪ್ಟೈಡುಗಳನ್ನು ಗುರುತಿಸಿದರು. ಪಾಚಿಗಳಲ್ಲೂ ಅವು ಇವೆಯೆಂದು ಅದೇ ತಂಡ 1988ರಲ್ಲಿ ತೋರಿಸಿಕೊಟ್ಟಿತು. ಕೋಶಕ್ಕೆ ಕ್ಯಾಡ್ಮಿಯಂ ನುಗ್ಗಿದ ಸ್ವಲ್ಪ ಹೊತ್ತಿನಲ್ಲೇ ಇವು ತಯಾರಾಗುತ್ತವೆ. ಗಂಧಕದ ತುದಿಗಳಿಂದ ಲೋಹವನ್ನು ಕಚ್ಚಿ ಹಿಡಿದು, ಕೋಶದೊಳಗಿನ ರಸಚೀಲಕ್ಕೆ ಸಾಗಿಸಿ, ಅಲ್ಲಿ ಬೇರೆಯಾಗಿ ಇಡುತ್ತವೆ.

ಬೇರೆಯಾಗಿ ಇಡುವುದಕ್ಕೂ ಒಂದು ಮಿತಿ ಉಂಟು. ಅದಾದ ಮೇಲೆ ಹೊರಹಾಕುವ ಕೆಲಸ ಶುರು. 1996ರಲ್ಲಿ ಲೀ, ಆಹ್ನರ್ ಮತ್ತು ಮೊರೆಲ್ ಎಂಬ ವಿಜ್ಞಾನಿಗಳು ಥಲಾಸಿಯೊಸೈರಾ ವೈಸ್‌ಫ್ಲಾಗೈ ಎಂಬ ಕಡಲ ಡಯಾಟಮ್ ಕ್ಯಾಡ್ಮಿಯಮನ್ನೂ ಫೈಟೊಕಿಲೇಟಿನನ್ನೂ ನೀರಿಗೆ ಹೊರದೂಡುವುದನ್ನು ವರದಿ ಮಾಡಿದರು. ತಾಮ್ರ ಹೆಚ್ಚಾದ ನೀರಿನಲ್ಲಿ ಕೆಲವು ಪಾಚಿಗಳು ತಾಮ್ರವನ್ನು ಕಟ್ಟಿಹಾಕುವ ಸಾವಯವ ವಸ್ತುಗಳನ್ನು ಸ್ರವಿಸಿ, ಲೋಹ ತಮ್ಮ ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತವೆ. ಆರ್ಸೆನಿಕ್ಕನ್ನು ರೂಪ ಬದಲಾಯಿಸಿ ಕಡಲಿಗೇ ಮರಳಿಸುವ ಸೂಕ್ಷ್ಮ ಪಾಚಿಗಳೂ ಇವೆ. ಹಡಗಿನ ತಳಕ್ಕೆ ಪಾಚಿ ಅಂಟದಿರಲೆಂದು ತಾಮ್ರ ಬೆರೆತ ಬಣ್ಣ ಬಳಿಯುವುದು ಹಳೆಯ ರೂಢಿ. ಆ ಬಣ್ಣದ ಮೇಲೂ ಎಕ್ಟೊಕಾರ್ಪಸ್ ಎಂಬ ಕಂದು ಪಾಚಿ ಬೆಳೆಯುತ್ತದೆ. ಹಡಗಿನ ತಳದಿಂದ ತೆಗೆದ ಎಕ್ಟೊಕಾರ್ಪಸ್, ಶುದ್ಧ ಕರಾವಳಿಯ ಅದೇ ಜಾತಿಗಿಂತ ಎಷ್ಟೋ ಹೆಚ್ಚು ತಾಮ್ರವನ್ನು ತಾಳಬಲ್ಲದೆಂದು 1970ರಲ್ಲೇ ಪ್ರಕಟವಾಗಿತ್ತು. ಅಂದರೆ ಹೊಲಸಾದ ನೀರಿನಲ್ಲಿ ಹಸಿರು ನಳನಳಿಸುತ್ತಿದ್ದರೆ, ನೀರು ಚೆನ್ನಾಗಿದೆ ಎಂಬುದಕ್ಕೆ ಅದು ಪುರಾವೆಯಲ್ಲ. ತಾಳಿಕೊಳ್ಳಬಲ್ಲ ತಳಿ ಮಾತ್ರ ಉಳಿದಿದೆ ಎಂಬ ಅರ್ಥವೂ ಇರಬಹುದು.

ಪಾಚಿ ಸತ್ತ ಮೇಲೂ ಲೋಹದ ಪಯಣ ನಿಲ್ಲದು. ಬ್ಯಾಕ್ಟೀರಿಯಾಗಳು ಅದನ್ನು ಕೊಳೆಯಿಸುತ್ತವೆ. ಬಿಡುಗಡೆಯಾದ ಲೋಹದಲ್ಲಿ ಒಂದಷ್ಟು ನೀರಿಗೆ ಮರಳುತ್ತದೆ, ಉಳಿದದ್ದು ತಳದ ಕೆಸರಿಗೆ ಇಳಿಯುತ್ತದೆ. ಪಾಚಿಯನ್ನು ಮೇಯುವ ಹುಳು, ಬಸವನಹುಳು, ಮೀನುಗಳ ಮೂಲಕ ಇನ್ನೊಂದಷ್ಟು ಮೇಲಕ್ಕೆ ಏರುತ್ತದೆ. ಪಾದರಸ ಮೀನಿನ ಮೂಲಕ ಮನುಷ್ಯನ ಮಿದುಳನ್ನು ತಲುಪಿದ್ದನ್ನು ಜಪಾನಿನ ಮಿನಾಮಾಟಾ 1950ರ ದಶಕದಲ್ಲಿ ಜಗತ್ತಿಗೆ ತೋರಿಸಿತು. ಕರ್ನಾಟಕದ ಕರಾವಳಿಗೂ ಆ ಆತಂಕ ಹೊಸದಲ್ಲ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರ ಬಳಿಯ ಕಡಲಿನಲ್ಲಿ ಪಾದರಸವನ್ನು ಅಳೆದು, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ವರದಿ ಪ್ರಕಟಿಸಿದ್ದರು. ಪಾದರಸದ ಬಳಕೆಯನ್ನು ಹಿಂತೆಗೆಯುವ ಮಿನಾಮಾಟಾ ಒಪ್ಪಂದವನ್ನು ಭಾರತ ಅನುಮೋದಿಸಿದ್ದು 2018ರಲ್ಲಿ.

ಕಡಲಿನ ಈ ಪಾಠ ಭದ್ರೆಗೆ ಒಪ್ಪುತ್ತದೆಯೇ? ಒಪ್ಪುತ್ತದೆ. ಇನ್ನೂ ಹೆಚ್ಚಿನ ಎಚ್ಚರಿಕೆಯೊಂದಿಗೆ ಒಪ್ಪುತ್ತದೆ. ಕಡಲಿನ ಉಪ್ಪು ಕ್ಯಾಡ್ಮಿಯಮಿನ ಬಹುಪಾಲನ್ನು ಕ್ಲೋರೈಡಿನ ಜೊತೆ ಬಂಧಿಸಿಡುತ್ತದೆ. ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಹೇರಳ. ಪಾಚಿಯ ಮೈಮೇಲಿನ ತಾಣಗಳಿಗಾಗಿ ಅವು ವಿಷಲೋಹದ ಜೊತೆ ಪೈಪೋಟಿಗಿಳಿಯುತ್ತವೆ. ಮಲೆನಾಡಿನ ಹೊಳೆಗಳ ನೀರು ಮೆದು, ಕ್ಯಾಲ್ಸಿಯಂ ಕಡಿಮೆ. ಅಂಥ ನೀರಿನಲ್ಲಿ ಅಷ್ಟೇ ಪ್ರಮಾಣದ ತಾಮ್ರ ಅಥವಾ ಕ್ಯಾಡ್ಮಿಯಂ ಜೀವಿಗಳಿಗೆ ಹೆಚ್ಚು ಸುಲಭವಾಗಿ ತಾಗುತ್ತದೆ. ಕಡಲಿನಲ್ಲಿ ಸರ್ಗಾಸಮ್, ಉಲ್ವಾಗಳು ಮಾಡುವ ಕೆಲಸವನ್ನು ಸಿಹಿನೀರಿನಲ್ಲಿ ಕ್ಲಾಡೊಫೊರಾ, ಸ್ಪೈರೊಗೈರಾದಂಥ ಎಳೆಪಾಚಿಗಳು ಮಾಡುತ್ತವೆ. ಕ್ಲಾಡೊಫೊರಾವನ್ನು ಲೋಹಮಾಲಿನ್ಯದ ಸೂಚಕವಾಗಿ ಹಲವು ದೇಶಗಳ ನದಿ, ಸರೋವರಗಳಲ್ಲಿ ಬಳಸಲಾಗಿದೆ.

ಇನ್ನು ಭದ್ರಾವತಿಗೆ ಬರೋಣ. ಒಂದು ಕಾಲಕ್ಕೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರು ಬೆಳೆದದ್ದೇ ಹೊಳೆಯನ್ನು ನಂಬಿ. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಇದ್ದಿಲು, ಭದ್ರೆಯ ನೀರು ಮೂರನ್ನೂ ಕೂಡಿಸಿ ಮೈಸೂರು ಸಂಸ್ಥಾನ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದು ಅದನ್ನು ನೆಲೆನಿಲ್ಲಿಸಿದರು. ಮುಂದೆ ಅವರ ಹೆಸರೇ ಕಾರ್ಖಾನೆಗೂ ಬಂದು, ಅದು ವಿಐಎಸ್‌ಎಲ್ ಎನಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. ಕನ್ನಡದ ಪತ್ರಿಕೆಗಳು ಎಷ್ಟೋ ವರ್ಷ ಅಚ್ಚಾದದ್ದು ಅಲ್ಲಿನ ಕಾಗದದ ಮೇಲೆ. ಈ ಎರಡು ಕಾರ್ಖಾನೆಗಳ ಸೈರನ್‌ಗಳ ಸದ್ದಿಗೆ ಊರು ಏಳುತ್ತಿತ್ತು, ಮಲಗುತ್ತಿತ್ತು. ಸಾವಿರಾರು ಮನೆಗಳ ಅನ್ನ ಅಲ್ಲಿಂದ ಬಂತು. ಹೊಳೆಯ ವಿಚಾರ ಮಾತನಾಡುವಾಗ ಆ ಋಣವನ್ನು ಮರೆಯುವುದು ಸಲ್ಲದು.

ಕಾಗದ ಕಾರ್ಖಾನೆ 2015ರ ಆಸುಪಾಸಿನಲ್ಲಿ ಸ್ತಬ್ಧವಾಯಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನವನ್ನು ಉಕ್ಕು ಪ್ರಾಧಿಕಾರ 2023ರ ಜನವರಿಯಲ್ಲಿ ಪ್ರಕಟಿಸಿದಾಗ ಕಾರ್ಮಿಕರು ಬೀದಿಗಿಳಿದರು. ಭದ್ರೆ ಹುಟ್ಟುವ ಸೀಮೆಯಲ್ಲಿ ನಡೆಯುತ್ತಿದ್ದ ಕುದುರೆಮುಖದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೇ ನಿಂತಿತ್ತು. ಚಿಮಣಿಯಲ್ಲಿ ಹೊಗೆ ಇಲ್ಲ, ಕೊಳವೆಯಲ್ಲಿ ಕಪ್ಪು ನೀರಿಲ್ಲ, ಹಾಗಿದ್ದ ಮೇಲೆ ಹೊಳೆ ಶುದ್ಧವಾಯಿತಲ್ಲವೇ ಎಂಬ ಮಾತು ಈಗ ಸಹಜವಾಗಿ ಕೇಳಿಬರುತ್ತದೆ.

ಕಾಗದದ ತಿರುಳಿನ ಹೊಲಸು ಬಹುಪಾಲು ಕೊಳೆಯುತ್ತದೆ; ಕೆಲವು ಮಳೆಗಾಲ ಕಳೆದರೆ ಅದರ ಗುರುತು ಮಾಸುತ್ತದೆ. ಲೋಹದ ಸ್ವಭಾವ ಬೇರೆ. ಸೀಸ ಕೊಳೆಯುವುದಿಲ್ಲ, ಕ್ರೋಮಿಯಂ ಸುಟ್ಟು ಹೋಗುವುದಿಲ್ಲ, ಕ್ಯಾಡ್ಮಿಯಮನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲವಾಗಿಸದು. ಊದುಕುಲುಮೆಯ ಅನಿಲ ತೊಳೆದ ನೀರಿನಲ್ಲಿ ಸತು, ಸೀಸ ಇರುವುದು ಲೋಕದ ಎಲ್ಲ ಉಕ್ಕಿನ ಊರುಗಳಿಗೂ ಗೊತ್ತಿರುವ ಸಂಗತಿ. ಮಿಶ್ರ ಉಕ್ಕಿನ ಹಲವು ಬಗೆಗಳಿಗೆ ಕ್ರೋಮಿಯಂ, ನಿಕಲ್ ಬೇಕು. ಒಂದು ಶತಮಾನ ಕಬ್ಬಿಣ ಕರಗಿಸಿದ ಊರಿನ ಕೆಳಗಿನ ಹೊಳೆಯ ಕೆಸರಿನಲ್ಲಿ ಏನು ಉಳಿದಿದೆ ಎಂದು ಅಳೆದು ನೋಡುವುದು ಯಾರನ್ನೂ ಕಟಕಟೆಗೆ ಏರಿಸುವುದಕ್ಕಲ್ಲ. ಅದು ಸಾಮಾನ್ಯ ವಿವೇಕ.

ಅಳತೆ ನಡೆಯುತ್ತಿಲ್ಲವೇ? ನಡೆಯುತ್ತಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕಲುಷಿತ ನದಿಪಾತ್ರಗಳಲ್ಲಿ ಕರ್ನಾಟಕದವು 17. ತುಂಗಾ, ಭದ್ರಾ, ತುಂಗಭದ್ರಾ ಮೂರೂ ಆ ಪಟ್ಟಿಯಲ್ಲಿದ್ದವು. ಭದ್ರೆಯ ಪಾಲಿಗೆ ಬಂದದ್ದು ಭದ್ರಾವತಿ–ಹೊಳೆಹೊನ್ನೂರು ನಡುವಿನ ಹರಿವು. ಆದರೆ ಆ ಪಟ್ಟಿ ಸಿದ್ಧವಾದದ್ದು ಬಿಒಡಿ ಎಂಬ ಒಂದೇ ಅಳತೆಗೋಲಿನಿಂದ. ನೀರಿನಲ್ಲಿನ ಸಾವಯವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕೆಂದು ಅದು ಹೇಳುತ್ತದೆ. ಚರಂಡಿ ನೀರು ಸೇರಿದ್ದನ್ನು ಪತ್ತೆ ಮಾಡಲು ಒಳ್ಳೆಯ ಅಳತೆ. ಲೋಹದ ಬಗ್ಗೆ ಮಾತ್ರ ಅದು ಏನನ್ನೂ ಹೇಳುವುದಿಲ್ಲ. ಬಿಒಡಿ ಇಳಿದು ಪಟ್ಟಿಯಿಂದ ಹೊರಬಂದ ಹೊಳೆಯ ಕೆಸರಿನಲ್ಲಿ ಸೀಸ ಇದ್ದ ಹಾಗೆಯೇ ಇರಬಹುದು.

ನೀರಿನಲ್ಲೇ ಲೋಹವನ್ನು ಅಳೆದರಾಯಿತಲ್ಲ ಎನ್ನಬಹುದು. ಕುಡಿಯುವ ನೀರಿಗೆ ಭಾರತೀಯ ಮಾನಕ ವಿಧಿಸಿರುವ ಮಿತಿ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಪಾದರಸ 0.001. ಇಷ್ಟು ಕಡಿಮೆ ಪ್ರಮಾಣವನ್ನು ಹರಿಯುವ ಹೊಳೆಯಲ್ಲಿ ಹಿಡಿಯುವುದು ಕಷ್ಟದ ಕೆಲಸ. ರಾತ್ರಿ ಎರಡು ಗಂಟೆಗೆ ಒಂದು ಮೋರಿಯಿಂದ ಬಂದ ಹೊಲಸು ಬೆಳಿಗ್ಗೆ ಹತ್ತಕ್ಕೆ ತುಂಬಿದ ಬಾಟಲಿಯಲ್ಲಿ ಸಿಗುವುದಿಲ್ಲ. ಅಷ್ಟರಲ್ಲಿ ಅದು ಕೂಡ್ಲಿ ದಾಟಿರುತ್ತದೆ. ಬಂಡೆಗೆ ಅಂಟಿದ ಪಾಚಿ ಆ ರಾತ್ರಿಯೂ ಅಲ್ಲಿತ್ತು, ಹಿಂದಿನ ವಾರವೂ ಅಲ್ಲಿತ್ತು. ಕೆಸರಿನ ನೆನಪು ಇನ್ನೂ ಉದ್ದ, ವರ್ಷಗಳದ್ದು. ನೀರು ಆ ಕ್ಷಣದ ಸ್ಥಿತಿ ಹೇಳಿದರೆ, ಪಾಚಿ ಆ ಋತುವಿನದನ್ನೂ ಕೆಸರು ಆ ಕಾಲದ್ದನ್ನೂ ಹೇಳುತ್ತವೆ. ಮೂರನ್ನೂ ಒಟ್ಟಿಗೆ ಓದಿದರೆ ಮಾತ್ರ ಲೋಹ ಈಗ ಬರುತ್ತಿದೆಯೋ ಹಳೆಯದೇ ಮೇಲೇಳುತ್ತಿದೆಯೋ ಎಂಬುದು ತಿಳಿದೀತು. ಪಾಚಿ ತಾನೂ ಲೋಹವನ್ನು ಹೊರಹಾಕುವುದರಿಂದ, ಅದೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ.

ಹೊಳೆಗೆ ಲೋಹ ಸೇರುವ ದಾರಿಗಳು ಇಂದು ಬದಲಾಗಿವೆ. ಹಿಂದೆ ಎರಡು ದೊಡ್ಡ ಕೊಳವೆಗಳಿದ್ದವು; ಬೆರಳು ತೋರಿಸುವುದು ಸುಲಭವಿತ್ತು. ಈಗಿನವು ಸಣ್ಣವು, ಹಲವು. ಶಿವಮೊಗ್ಗ ಎರಕದ ಕಾರ್ಖಾನೆಗಳಿಗೆ ಹೆಸರಾದ ನಗರ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಶಿವಮೊಗ್ಗ, ಭದ್ರಾವತಿಗಳ ನಡುವೆಯೇ ಇದೆ. ಇಂಥ ಎಲ್ಲ ನಗರಗಳಲ್ಲೂ ಲೋಹದ ಲೇಪ ಹಾಕುವ ಅಂಗಡಿ, ಬ್ಯಾಟರಿ ದುರಸ್ತಿ, ಗ್ಯಾರೇಜಿನ ತ್ಯಾಜ್ಯ ಎಣ್ಣೆ, ಹಳೆಯ ಮೊಬೈಲು, ಟಿವಿಗಳ ರಾಶಿ ಮಳೆನೀರಿನ ಮೂಲಕ ರಾಜಕಾಲುವೆ ಸೇರುತ್ತವೆ. ಗಣಪತಿ ವಿಸರ್ಜನೆಯ ದಿನಗಳಲ್ಲಿ ರಾಸಾಯನಿಕ ಬಣ್ಣವೂ ಕೂಡಿಕೊಳ್ಳುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ವಿಷಕಾರಿ ಬಣ್ಣಗಳ ವಿರುದ್ಧ ಕೇಂದ್ರ ಮಂಡಳಿ 2020ರಲ್ಲಿ ಪರಿಷ್ಕೃತ ಮಾರ್ಗಸೂಚಿ ಹೊರಡಿಸಿತು. ಬ್ಯಾಟರಿ ಮತ್ತು ಇ–ತ್ಯಾಜ್ಯಗಳಿಗೆ 2022ರ ನಿಯಮಗಳಿವೆ. ಕಾಗದದ ಮೇಲೆ ಕಾನೂನಿಗೆ ಕೊರತೆಯಿಲ್ಲ. ಅದು ಹೊಳೆಯಲ್ಲಿ ಫಲ ಕೊಟ್ಟಿತೇ ಎಂದು ನೋಡುವ ಅಳತೆ ಮಾತ್ರ ಬೇಕಾಗಿದೆ.

ಹಾಗಿದ್ದರೆ ಪಾಚಿಯಿಂದಲೇ ಲೋಹವನ್ನು ತೆಗೆಸಬಾರದೇಕೆ? ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಬೊಹುಮಿಲ್ ವೊಲೆಸ್ಕಿ ಅವರು ಸರ್ಗಾಸಮ್‌ನಂಥ ಪಾಚಿಗಳಿಂದ ಕ್ಯಾಡ್ಮಿಯಂ, ಚಿನ್ನ ಹೀರುವ ಪ್ರಯೋಗಗಳನ್ನು ದಶಕಗಳ ಕಾಲ ನಡೆಸಿದರು. ಅಮೆರಿಕದಲ್ಲಿ 1980ರ ದಶಕದಲ್ಲೇ ಪಾಚಿಯನ್ನು ಸಿಲಿಕಾದೊಳಗೆ ಹುದುಗಿಸಿ ‘ಆಲ್ಗಾಸಾರ್ಬ್’ ಎಂಬ ಶೋಧಕ ತಯಾರಾಯಿತು. ಇವು ಕೆಲಸ ಮಾಡಿದವು. ಆದರೆ ಎಲ್ಲಿ? ಕಾರ್ಖಾನೆಯ ಆವರಣದೊಳಗೆ, ಮುಚ್ಚಿದ ಕೊಳವೆಗಳಲ್ಲಿ, ಹೊಲಸು ನೀರು ಹೊರಗೆ ಹರಿಯುವ ಮುನ್ನ. ಲೋಹ ತುಂಬಿದ ಪಾಚಿಯನ್ನು ಆಮ್ಲದಿಂದ ತೊಳೆದರೆ ಲೋಹ ಬಿಟ್ಟುಕೊಳ್ಳುತ್ತದೆ, ಅದನ್ನು ಹಿಡಿದು ಮರುಬಳಸಬಹುದು. ತೆರೆದ ಹೊಳೆಯಲ್ಲೋ ಕೆರೆಯಲ್ಲೋ ಪಾಚಿ ಬಿಟ್ಟರೆ ಹಿಡಿಯುವವರು ಯಾರು? ಕೊಯ್ಲು ಮಾಡಿ ಹೊರತೆಗೆದು, ಅಪಾಯಕಾರಿ ತ್ಯಾಜ್ಯವೆಂದು ವಿಲೇವಾರಿ ಮಾಡದಿದ್ದರೆ, ಮೊದಲ ಮಳೆಗೇ ಅದು ಕಿತ್ತು ಕೆಳಗಿನ ಊರಿಗೆ ಹೋಗುತ್ತದೆ. ಲೋಹವಿದ್ದ ಪಾಚಿಯನ್ನು ಗೊಬ್ಬರವೆಂದು ತೋಟಕ್ಕೆ ಹಾಕಿದರೆ ಅಡಿಕೆ, ಭತ್ತದ ಮಣ್ಣಿಗೆ ಸೇರುತ್ತದೆ. ನೀರು ಶುದ್ಧೀಕರಣಕ್ಕೆ ಪಾಚಿ ಬಳಸುವ ಯಾವ ಯೋಜನೆ ಬಂದರೂ, ಹಣ ಮಂಜೂರು ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಹೀರಿದ ಲೋಹ ಕೊನೆಗೆ ಎಲ್ಲಿ ಇರುತ್ತದೆ, ಅದರ ತೂಕದ ಲೆಕ್ಕ ಎಲ್ಲಿದೆ?

ಭದ್ರೆಯಿಂದ ಹೊರಟದ್ದು ಸುಲಭವಾಗಿ ಕಡಲು ಮುಟ್ಟುವುದೂ ಇಲ್ಲ. ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿದ ನೀರು ಹರಿಹರ ದಾಟಿ ಹೊಸಪೇಟೆಯ ಅಣೆಕಟ್ಟೆಗೆ ಬಂದು ನಿಲ್ಲುತ್ತದೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಆ ಜಲಾಶಯ ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಲೋಹ ಹೆಚ್ಚಾಗಿ ಸಾಗುವುದು ಸಣ್ಣ ಮಣ್ಣಿನ ಕಣಗಳಿಗೆ ಅಂಟಿಕೊಂಡು. ಹೂಳೆತ್ತಿ ಹೊಲಗಳಿಗೆ ಹಾಕಬೇಕೆಂಬ ಮಾತು ಆಗಾಗ ಕೇಳುತ್ತದೆ. ಆ ಹೂಳಿನ ಲೋಹದ ಲೆಕ್ಕ ಮೊದಲು ರೈತರ ಕೈಗೆ ಸಿಗಬೇಕು.

ಹೊಳೆಗಾಗಿ ಜನ ನಡೆಯಲು ಸಿದ್ಧರಿದ್ದಾರೆ ಎಂಬುದು ಗೊತ್ತಾಗಿದೆ. 2024ರ ನವೆಂಬರಿನಲ್ಲಿ ‘ನಿರ್ಮಲ ತುಂಗಭದ್ರಾ ಅಭಿಯಾನ’ದ ಪಾದಯಾತ್ರೆ ಶೃಂಗೇರಿಯಿಂದ ಹೊರಟು ದಂಡೆಯ ಊರೂರುಗಳಲ್ಲಿ ಮಾತನಾಡಿತು. ಆ ಕಾಳಜಿಗೆ ಅಂಕಿಗಳ ಬಲ ಕೂಡಬೇಕು. ಅದಕ್ಕೆ ಬೇಕಾದ್ದು ಜಿಲ್ಲೆಯಲ್ಲೇ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಇರುವುದು ಭದ್ರಾ ಅಣೆಕಟ್ಟೆಯ ಸಮೀಪದಲ್ಲಿ. ಅಲ್ಲಿ ಪರಿಸರ ವಿಜ್ಞಾನ ವಿಭಾಗವಿದೆ, ಪ್ರತಿವರ್ಷ ಸಂಶೋಧನೆಗೆ ವಿಷಯ ಹುಡುಕುವ ವಿದ್ಯಾರ್ಥಿಗಳಿದ್ದಾರೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮಾದರಿ ಸಂಗ್ರಹದ ಅಧಿಕಾರವೂ ಅನುಭವವೂ ಇದೆ.

ಮಾಡಬೇಕಾದ ಕೆಲಸ ಹೀಗಿದೆ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಕೆಳಗೆ ಒಂದು ಕಡೆ, ಭದ್ರಾವತಿ ಪೇಟೆ ದಾಟಿದ ಮೇಲೆ ಒಂದು ಕಡೆ, ಹೊಳೆಹೊನ್ನೂರಿನಲ್ಲಿ ಒಂದು ಕಡೆ, ತುಂಗೆಯಲ್ಲಿ ಗಾಜನೂರು ಮತ್ತು ಶಿವಮೊಗ್ಗದ ಕೆಳಗೆ ಒಂದೊಂದು ಕಡೆ, ಕೊನೆಯದು ಕೂಡ್ಲಿಯಲ್ಲಿ. ಒಟ್ಟು ಆರು ತಾಣ. ಪ್ರತಿ ತಾಣದಲ್ಲೂ ನೀರು, ಪಾಚಿ, ಕೆಸರು ಮೂರನ್ನೂ ಬೇಸಿಗೆ, ಮೊದಲ ಮಳೆ ಮತ್ತು ಮಳೆ ನಿಂತ ಮೇಲೆ ತೆಗೆದು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಸತು, ತಾಮ್ರ, ಪಾದರಸ, ಆರ್ಸೆನಿಕ್‌ಗಳನ್ನು ಅಳೆಯಬೇಕು. ಮೇಲಿನ ತಾಣಕ್ಕೂ ಕೆಳಗಿನ ತಾಣಕ್ಕೂ ವ್ಯತ್ಯಾಸ ಕಂಡರೆ ನಡುವಿನ ಮೋರಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಮುಚ್ಚಿದ ಕಾರ್ಖಾನೆಗಳ ಜಮೀನನ್ನು ಬೇರೆ ಬಳಕೆಗೆ ಕೊಡುವ ಮುನ್ನ ಅಲ್ಲಿನ ಮಣ್ಣು, ಹಳೆಯ ಕೆಸರುಗುಂಡಿಗಳ ಪರೀಕ್ಷೆ ಕಡ್ಡಾಯವಾಗಬೇಕು.

ಫಲಿತಾಂಶ ಕಡತದಲ್ಲಿ ಮಲಗುವಂತಾಗಬಾರದು. 2011ರ ಜನಗಣತಿಯಂತೆ ಶಿವಮೊಗ್ಗ ನಗರದಲ್ಲಿ 3.22 ಲಕ್ಷ, ಭದ್ರಾವತಿಯಲ್ಲಿ 1.51 ಲಕ್ಷ ಜನರಿದ್ದರು. ಕೆಳಗಿನ ಊರುಗಳಲ್ಲಿ ಇದೇ ನೀರನ್ನು ನಂಬಿದವರ ಸಂಖ್ಯೆ ಬೇರೆ. ಕನ್ನಡದಲ್ಲಿ, ಒಂದೇ ಹಾಳೆಯಲ್ಲಿ, ಸುರಕ್ಷಿತ ಮಿತಿ ಎಷ್ಟು, ಸಿಕ್ಕಿದ್ದೆಷ್ಟು ಎಂದು ಬರೆದು ಮಹಾನಗರ ಪಾಲಿಕೆ, ನಗರಸಭೆ ಮತ್ತು ದಂಡೆಯ ಪ್ರತಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಚ್ಚಬೇಕು. ಹೊಳೆಹೊನ್ನೂರಿನಲ್ಲಿ ಬಲೆ ಬೀಸುವವರು ತಮ್ಮ ಹೊಳೆಯಲ್ಲಿ ಏನಿದೆ ಎಂದು ಅದರಲ್ಲಿ ಓದಿಕೊಳ್ಳಲಿ. ಹೊಳೆ ಸೊರಗುವ ಫೆಬ್ರವರಿಯಲ್ಲಿ ಬಂಡೆಗಳ ಮೇಲಿನ ಪಾಚಿ ಕೈಗೆ ಸಿಗುತ್ತದೆ. ಬರುವ ಫೆಬ್ರವರಿಯಲ್ಲೇ ಮೊದಲ ಮಾದರಿ ತೆಗೆಯುವಂತೆ ಜಿಲ್ಲಾಡಳಿತ ಈಗಲೇ ಆದೇಶ ಹೊರಡಿಸಬೇಕು.